ಬೆನ್ನಿನ ಗೆರೆಯಿಂದ ಮೀಸೆಯವರೆಗೆ: ಮನೆಯ ಬೆಕ್ಕನ್ನು ಚಿತ್ರಿಸಲು ಸಮಗ್ರ ಮಾರ್ಗದರ್ಶಿ

ಬೆಕ್ಕಿನ ಚಿತ್ರ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಮುಖದಿಂದ ಶುರುಮಾಡುವುದು. ಕಣ್ಣು, ಮೂಗು, ಮೀಸೆ ಮುದ್ದಾಗಿಯೇ ಮೂಡುತ್ತವೆ. ಆಮೇಲೆ ಅದಕ್ಕೊಂದು ಮೈ ಜೋಡಿಸಲು ಹೋದರೆ ಕತ್ತು ಕೂರುವುದಿಲ್ಲ, ಕಾಲುಗಳು ಹಾಳೆಯಿಂದ ಆಚೆ ಹೋಗುತ್ತವೆ, ಜೀವಂತ ಪ್ರಾಣಿ ಹತ್ತಿ ಗೊಂಬೆಯಾಗುತ್ತದೆ. ಹಾಗಾಗಿ ಇಲ್ಲಿನ ಕ್ರಮ ತಿರುಗುಮುರುಗು. ಮೊದಲು ಬೆನ್ನಿನ ಗೆರೆ, ಆಮೇಲೆ ಮೈಯ ಭಾರ, ಆಮೇಲೆ ಕಾಲು, ಕಟ್ಟಕಡೆಗೆ ಮುಖ. ಒಂದೊಂದು ಹಂತದಲ್ಲೂ ಅದೇ ತೊಡಕನ್ನು ಹಿಂದೆಂದೋ ಬಿಡಿಸಿಕೊಂಡ ಹಳೆಯ ಬೆಕ್ಕೊಂದು ಜೊತೆಗಿರುತ್ತದೆ. ಒಂದು ಕಂಚಿನದು, ಒಂದು ಮರದಚ್ಚಿನದು, ಇನ್ನೊಂದು ತೈಲವರ್ಣದ್ದು. ದಿನಕ್ಕೆ ಇಪ್ಪತ್ತು ನಿಮಿಷದಂತೆ ಎಂಟು ವಾರ ಸಾಕು. ಎದುರಿಗಿರುವ ಬೆಕ್ಕು ಮತ್ತು ಹಳೆಯ ಚಿತ್ರದ ಬೆಕ್ಕು ಒಂದನ್ನೊಂದು ಅರ್ಥಮಾಡಿಸತೊಡಗುತ್ತವೆ.

ಸಾಮಾನು, ಮತ್ತು ಬೆಕ್ಕಿರುವ ಕೋಣೆಯಲ್ಲಿ ಇಡಬಾರದ್ದು

ಎ5 ಅಳತೆಯ ಸ್ಕೆಚ್‌ಬುಕ್, 2ಬಿ ಮತ್ತು 6ಬಿ ಪೆನ್ಸಿಲ್, ಹಿಟ್ಟಿನಂತೆ ಹಿಸುಕಬಹುದಾದ ನೀಡೆಡ್ ರಬ್ಬರ್, ನೀರಿಗೆ ಕರಗದ ಕಪ್ಪು ಶಾಯಿಯ ಪೆನ್ನು, 6ನೇ ನಂಬರಿನ ಒಂದು ದುಂಡು ಬ್ರಶ್. ಮೊದಲ ತಿಂಗಳಿಗೆ ಪೆನ್ಸಿಲ್ ಒಂದೇ ಸಾಕು. ದೊಡ್ಡ ಹಾಳೆ ಬೇಡ. ಹಾಳೆ ದೊಡ್ಡದಾದಷ್ಟೂ ಒಂದೇ ಚಿತ್ರವನ್ನು ತಿದ್ದುತ್ತಾ ಕೂರುವ ಆಸೆ ಹೆಚ್ಚು, ಇಲ್ಲಿ ಬೇಕಾದದ್ದು ಬಹಳಷ್ಟು ಚಿಕ್ಕ ಚಿತ್ರಗಳು.

ಬೆಕ್ಕು ತನ್ನ ಮೈಗೆ ಅಂಟಿದ್ದನ್ನೆಲ್ಲ ನೆಕ್ಕುತ್ತದೆ, ಅಂದರೆ ನುಂಗುತ್ತದೆ. ಈ ಮಾತು ನೆನಪಿದ್ದರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ಟರ್ಪೆಂಟೈನ್, ಸೀಸ ಅಥವಾ ಕ್ಯಾಡ್ಮಿಯಂ ಇರುವ ಬಣ್ಣ, ಪೆನ್ಸಿಲ್ ಗೆರೆ ಅಳಿಸಿಹೋಗದಂತೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಇವು ಬೆಕ್ಕು ಓಡಾಡುವ ಕೋಣೆಯಲ್ಲಿ ಬೇಡವೇ ಬೇಡ. ತೈಲವರ್ಣದಲ್ಲಿ ಬಳಸುವ ಲವಂಗದೆಣ್ಣೆಯಂಥ ಸುಗಂಧ ತೈಲಗಳು ಮನುಷ್ಯರಿಗೆ ನಿರಪಾಯ ಅನಿಸಬಹುದು, ಆದರೆ ಅಂಥ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಬ್ರಶ್ ತೊಳೆದ ನೀರನ್ನು ಮುಚ್ಚಳವಿರುವ ಬಾಟಲಿಯಲ್ಲಿಡಿ. ತೆರೆದ ಲೋಟ ಕಂಡರೆ ಅದು ಕುಡಿಯುತ್ತದೆ. ದಾರ, ರಬ್ಬರ್ ಬ್ಯಾಂಡ್, ಹರಿದ ರಬ್ಬರ್ ಚೂರು ಕರುಳಿಗೆ ಸಿಕ್ಕಿಕೊಳ್ಳುತ್ತವೆ. ಬೆಕ್ಕಿನ ಪಕ್ಕ ಹೂದಾನಿ ಇಟ್ಟು ಬಿಡಿಸುವ ಮನಸ್ಸಿದ್ದರೆ ಲಿಲ್ಲಿ ಹೂವನ್ನು ಮಾತ್ರ ಮನೆಯೊಳಗೆ ತರಬೇಡಿ. ಅದರ ಎಲೆ, ಎಸಳು, ಪರಾಗ, ಹೂದಾನಿಯ ನೀರು ಯಾವುದೇ ಆದರೂ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಜೀವ ತೆಗೆಯಬಲ್ಲದು. ಮೈಗೆ ಬಣ್ಣ ಮೆತ್ತಿದರೆ ಮೆದು ಸೋಪು ಮತ್ತು ಉಗುರುಬೆಚ್ಚನೆಯ ನೀರಿನಿಂದ ಒರೆಸಿ. ಟರ್ಪೆಂಟೈನ್ ಹಚ್ಚಿ ತೆಗೆಯಲು ಹೋಗಬೇಡಿ. ಏನಾದರೂ ನುಂಗಿತೆಂಬ ಅನುಮಾನ ಬಂದರೆ ಲಕ್ಷಣ ಕಾಣುವವರೆಗೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ಶಾಯಿಯ ಕುಡಿಕೆಗೆ ಅಗಲವಾದ ಬುಡ ಇರಲಿ. ಕ್ರೊಯೇಷಿಯಾದ ಡುಬ್ರೋವ್ನಿಕ್ ನಗರದ ದಫ್ತರಖಾನೆಯಲ್ಲಿರುವ 15ನೇ ಶತಮಾನದ ಹಸ್ತಪ್ರತಿಯೊಂದರ ಪುಟದ ಮೇಲೆ ಬೆಕ್ಕಿನ ಶಾಯಿ ಹೆಜ್ಜೆಗಳು ಇಂದಿಗೂ ಹಾಗೇ ಇವೆ. ನಿಮ್ಮ ಪುಟದ ಮೇಲೂ ಒಮ್ಮೆ ಹೀಗಾದರೆ ಮೊದಲು ಪಂಜ ತೊಳೆಯಿರಿ, ಪುಟವನ್ನು ಹರಿಯಬೇಡಿ.

ಮೊದಲ 3 ದಿನ: ಬರೀ ನೋಡುವುದು

ಬೆಕ್ಕು ಎಲ್ಲಿ, ಯಾವ ಹೊತ್ತಿಗೆ, ಎಷ್ಟು ಹೊತ್ತು ಮಲಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ದಿನದಲ್ಲಿ 12ರಿಂದ 16 ಗಂಟೆ ಅದು ನಿದ್ದೆಯಲ್ಲೋ ಜೊಂಪಿನಲ್ಲೋ ಇರುತ್ತದೆ. ನಸುಕು ಮತ್ತು ಮುಸ್ಸಂಜೆ ಅದರ ಓಡಾಟದ ಹೊತ್ತು, ಆಗ ಪೆನ್ಸಿಲ್ ಹಿಡಿದು ಕೂತರೆ ಉಪಯೋಗವಿಲ್ಲ. ಕಿಟಕಿಯ ಬೆಳಕು ಒಂದೇ ಬದಿಯಿಂದ ಬೀಳುವ ಜಾಗದಲ್ಲಿ ಮಲಗುವ ಹೊತ್ತನ್ನು ಹುಡುಕಿಕೊಳ್ಳಿ. ನೆತ್ತಿಯ ಮೇಲಿನ ದೀಪದ ಬೆಳಕು ಮೈಯ ಉಬ್ಬುತಗ್ಗುಗಳನ್ನು ಚಪ್ಪಟೆ ಮಾಡಿಬಿಡುತ್ತದೆ.

ಎರಡು ಮೀಟರ್ ದೂರದಲ್ಲಿ, ಅದರ ಕಣ್ಣಿನ ಮಟ್ಟಕ್ಕೆ ಹತ್ತಿರವಾಗಿ ನೆಲದ ಮೇಲೆ ಕೂರಿ. ನಿಂತು ನೋಡಿದರೆ ಎಲ್ಲ ಬೆಕ್ಕುಗಳೂ ಮೇಲಿನಿಂದ ಕಂಡ ದಿಂಬಿನಂತಿರುತ್ತವೆ. ಕಣ್ಣು ಕದಲಿಸದೆ ದಿಟ್ಟಿಸುವುದು ಬೆಕ್ಕಿನ ಭಾಷೆಯಲ್ಲಿ ಬೆದರಿಕೆ, ಹಾಗಾಗಿ ಎಚ್ಚರವಿದ್ದಾಗ ಮಧ್ಯೆ ಮಧ್ಯೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಹೀಗೆ ಮಾಡುವವರಿಗೆ ಬೆಕ್ಕುಗಳು ತಾವೂ ಕಣ್ಣು ಕಿರಿದು ಮಾಡಿ ಉತ್ತರಿಸುತ್ತವೆ, ಹತ್ತಿರ ಬರಲೂ ಒಪ್ಪುತ್ತವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೇಕಾದ ಭಂಗಿಗಾಗಿ ಅದನ್ನು ಎತ್ತಿ ಕೂರಿಸುವುದು, ಕಾಲು ಸರಿಸುವುದು ಯಾವತ್ತೂ ಬೇಡ. ನಾಲ್ಕು ದಿನ ಹಾಗೆ ಮಾಡಿದರೆ ಸ್ಕೆಚ್‌ಬುಕ್ ಕಂಡೊಡನೆ ಎದ್ದು ಹೋಗುವುದನ್ನು ಅದು ಕಲಿತಿರುತ್ತದೆ.

ಮೊಬೈಲ್ ಫೋಟೊ ನೋಡಿ ಬಿಡಿಸಬಾರದೇ ಎಂದು ಹಲವರು ಕೇಳುತ್ತಾರೆ. ಹತ್ತಿರದಿಂದ ತೆಗೆದ ಮೊಬೈಲ್ ಫೋಟೊದಲ್ಲಿ ಮೂಗು ಊದಿಕೊಂಡು, ಕಿವಿ ಸಣ್ಣದಾಗಿ, ಹಿಂಭಾಗ ಕುಗ್ಗಿ ಕಾಣುತ್ತದೆ. ಆ ಸುಳ್ಳು ಅಳತೆಯೇ ಕೈಗೆ ರೂಢಿಯಾಗುತ್ತದೆ. ಎರಡು ಮೂರು ಮೀಟರ್ ದೂರದಿಂದ ಜೂಮ್ ಮಾಡಿ ತೆಗೆದರೆ ವಾಸಿ. ಹಾಗಿದ್ದರೂ ಮೊದಲ ನಾಲ್ಕು ವಾರ ಫೋಟೊ ದೂರವಿರಲಿ.

ವಾರ 1 ಮತ್ತು 2: ಮಲಗಿದ ಬೆಕ್ಕು

ವಿಂಡ್ಸರ್‌ನ ರಾಜಸಂಗ್ರಹದಲ್ಲಿ ಲಿಯೊನಾರ್ಡೊ ಡ ವಿಂಚಿಯ ಕೊನೆಯ ವರ್ಷಗಳ ಹಾಳೆಯೊಂದಿದೆ. ಒಂದೇ ಹಾಳೆಯ ತುಂಬ ಇಪ್ಪತ್ತಕ್ಕೂ ಹೆಚ್ಚು ಪ್ರಾಣಿಗಳು: ಮಲಗಿದ, ಮೈ ನೆಕ್ಕುವ, ಜಗಳವಾಡುವ, ಹೊಂಚುಹಾಕುವ ಬೆಕ್ಕುಗಳು, ನಡುವೆ ಸಿಂಹ, ಜೊತೆಗೊಂದು ಪುಟ್ಟ ಡ್ರ್ಯಾಗನ್ ಕೂಡ. ಸಂಗ್ರಹದ ಜಾಲತಾಣದಲ್ಲಿ ಅದನ್ನು ದೊಡ್ಡದಾಗಿ ತೆರೆದು ಹತ್ತು ನಿಮಿಷ ನೋಡಿ. ಮುಖಗಳು ಕೆಲವೇ ಗೀಟು. ಒತ್ತು ಇರುವುದೆಲ್ಲ ಬೆನ್ನು ಬಾಗುವ ರೀತಿಯ ಮೇಲೆ. ಈ ಎರಡು ವಾರ ನೀವು ಮಾಡಬೇಕಾದದ್ದೂ ಅದನ್ನೇ.

1. ಒಂದು ಪುಟವನ್ನು ಆರು ಭಾಗ ಮಾಡಿ. ಒಂದೊಂದಕ್ಕೂ ಎರಡು ನಿಮಿಷ. ರಬ್ಬರ್ ಮುಟ್ಟುವಂತಿಲ್ಲ.
2. ತಲೆಬುರುಡೆಯ ಹಿಂಬದಿಯಿಂದ ಬಾಲದ ಬುಡದವರೆಗೆ ಬೆನ್ನೆಲುಬಿನ ಗೆರೆಯನ್ನು ಒಂದೇ ಎಳೆತದಲ್ಲಿ ಎಳೆಯಿರಿ, ಮೊಣಕೈಯಿಂದ. ಬೆರಳಿನಿಂದ ಎಳೆದರೆ ಗೆರೆ ತುಂಡಾಗುತ್ತದೆ.
3. ಆ ಗೆರೆಗೆ ಮೂರು ಮೊಟ್ಟೆಗಳನ್ನು ತೂಗುಹಾಕಿ: ಎದೆಗೂಡು ದೊಡ್ಡದು, ಸೊಂಟ ಅದಕ್ಕಿಂತ ಸಣ್ಣದು, ತಲೆ ಎಲ್ಲಕ್ಕಿಂತ ಸಣ್ಣದು. ಎದೆಗೂಡು ಮತ್ತು ಸೊಂಟದ ನಡುವಿನ ಹೊಟ್ಟೆ ಮೆತ್ತನೆಯ ಚೀಲ. ಬೆಕ್ಕು ಸುರುಳಿಯಾಗುವುದು, ತಿರುಚಿಕೊಳ್ಳುವುದು ಎಲ್ಲ ಅಲ್ಲೇ.
4. ಕಿವಿಗಳ ತುದಿ ಎಲ್ಲಿ, ಬಾಲದ ತುದಿ ಎಲ್ಲಿ ಎಂದು ಎರಡು ಚುಕ್ಕೆ ಹಾಕಿ ನಿಲ್ಲಿಸಿ.

ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ಬೆಕ್ಕು ಮಗ್ಗಲು ಬದಲಿಸಿದರೆ ಅರ್ಧವಾದದ್ದನ್ನು ಬಿಟ್ಟು ಪಕ್ಕದಲ್ಲಿ ಹೊಸದು ಶುರುಮಾಡಿ. ಬೆಕ್ಕುಗಳು ಅದದೇ ನಾಲ್ಕೈದು ಭಂಗಿಗಳಿಗೆ ಮರಳುತ್ತವೆ. ನಾಳೆ ಅದೇ ಭಂಗಿ ಸಿಕ್ಕಾಗ ಹಳೆಯ ಚಿತ್ರವನ್ನು ಮುಂದುವರಿಸಬಹುದು. ದಿನಕ್ಕೊಂದು ಪುಟದಂತೆ ಎರಡು ವಾರಕ್ಕೆ ಎಂಬತ್ತಕ್ಕೂ ಹೆಚ್ಚು ಚಿತ್ರಗಳಾಗುತ್ತವೆ. ಮೊದಲ ಮೂವತ್ತು ಚೆನ್ನಾಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಸುತ್ತಿಕೊಂಡು ಮಲಗಿದ ಬೆಕ್ಕಿಗೆ ಪೂರ್ತಿ ವೃತ್ತ ಬಿಡಿಸುವುದು. ಚೆನ್ನಾಗಿ ನೋಡಿ, ಅದು ವೃತ್ತವಲ್ಲ. ಭುಜದ ಬಳಿ ಮತ್ತು ಸೊಂಟದ ಬಳಿ ಎರಡು ಮೂಲೆಗಳಿವೆ, ನಡುವೆ ಗೆರೆ ಸ್ವಲ್ಪ ಚಪ್ಪಟೆ. ಆ ಎರಡು ಮೂಲೆಗಳು ಸಿಕ್ಕ ದಿನ ಚಿತ್ರದೊಳಗೆ ಮೂಳೆ ಬಂತೆಂದು ಅರ್ಥ.

ವಾರ 3: ಕೂತ ಬೆಕ್ಕು

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಗೇಯರ್-ಆಂಡರ್ಸನ್ ಬೆಕ್ಕು ಕ್ರಿ.ಪೂ. 600ರ ಸುಮಾರಿನ ಈಜಿಪ್ಟಿನ ಕಂಚಿನ ಶಿಲ್ಪ, ದೇವತೆ ಬಾಸ್ಟೆಟ್‌ಳ ರೂಪ. ಕಿವಿಗೆ, ಮೂಗಿಗೆ ಚಿನ್ನದ ಬಳೆ, ಎದೆಯ ಮೇಲೆ ಬೆಳ್ಳಿಯ ಪದಕ. ಆಭರಣ ಮರೆತು ಹೊರಗೆರೆಯನ್ನಷ್ಟೇ ಬೆರಳಿನಲ್ಲಿ ಅನುಸರಿಸಿ. ಕಿವಿಯಿಂದ ಕತ್ತಿಗೆ, ಕತ್ತಿನಿಂದ ಭುಜಕ್ಕೆ, ಬೆನ್ನಿನಿಂದ ತೊಡೆಯ ದುಂಡಿಗೆ ಗೆರೆ ಎಲ್ಲೂ ಕಡಿಯದೆ ಹರಿಯುತ್ತದೆ. ಮುಂಗಾಲು ಎರಡು ಕಂಬ, ಹಿಂಭಾಗ ಭಾರವಾದ ಪೇರಲೆ ಹಣ್ಣಿನ ಆಕಾರ.

ನಿಮ್ಮ ಬೆಕ್ಕು ಕೂತಾಗ ತೋಳು ಚಾಚಿ ಪೆನ್ಸಿಲ್ ಹಿಡಿದು ತಲೆಯ ಎತ್ತರವನ್ನು ಅಳೆಯಿರಿ, ಕಿವಿ ಬಿಟ್ಟು. ಒಟ್ಟು ಎತ್ತರದಲ್ಲಿ ಅಂಥ ಎಷ್ಟು ತಲೆಗಳು ಹಿಡಿಯುತ್ತವೆ ಎಂದು ಎಣಿಸಿ ಪುಟದ ಅಂಚಿನಲ್ಲಿ ಬರೆದಿಡಿ. ನಿಮ್ಮ ಬೆಕ್ಕಿನ ಈ ಸಂಖ್ಯೆ ಗೊತ್ತಿದ್ದರೆ ತಲೆ ದೊಡ್ಡದಾಗಿ ಬರುವ ಕಾಯಿಲೆ ಅರ್ಧ ವಾಸಿಯಾದಂತೆ. ಮುದ್ದು ಹೆಚ್ಚಿದಷ್ಟೂ ಕೈ ತಾನಾಗಿಯೇ ತಲೆಯನ್ನು ಹಿಗ್ಗಿಸುತ್ತದೆ.

ಹಿಂದಿನಿಂದಲೂ ಬಿಡಿಸಿ, ಅದೇ ಸುಲಭ ಕೂಡ. ಜಪಾನಿನ ಕಲಾವಿದ ಹಿರೊಶಿಗೆ 1857ರಲ್ಲಿ ಮಾಡಿದ ಮರದಚ್ಚಿನ ಚಿತ್ರವೊಂದರಲ್ಲಿ ಮೋಟು ಬಾಲದ ಬಿಳಿ ಬೆಕ್ಕು ಕಿಟಕಿಯ ಸರಳುಗಳಾಚೆ, ದೂರದಲ್ಲಿ ಫ್ಯೂಜಿ ಬೆಟ್ಟವಿರುವ ಹೊಲಗಳನ್ನು ನೋಡುತ್ತಾ ಕೂತಿದೆ. ಮುಖದ ಬಹುಪಾಲು ನಮಗೆ ಕಾಣುವುದೇ ಇಲ್ಲ, ಆದರೂ ಅದರ ಗಮನವೆಲ್ಲ ಎಲ್ಲಿದೆ ಎಂದು ಗೊತ್ತಾಗುತ್ತದೆ. ಬೆನ್ನಿನ ಬಾಗು ಮತ್ತು ಕಿವಿಯ ದಿಕ್ಕಿನಿಂದಲೇ.

ವಾರ 4: ಕಾಲು, ಪಂಜ, ನಡಿಗೆ

ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿ. ಬೆಕ್ಕು ನಡೆಯುವುದು ಬೆರಳುಗಳ ಮೇಲೆ, ಹಿಮ್ಮಡಿ ಗಾಳಿಯಲ್ಲಿರುತ್ತದೆ. ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ, ತುಪ್ಪಳದೊಳಗೆ ಅಡಗಿ ಮುಂದಕ್ಕೆ ಮುಖ ಮಾಡಿರುತ್ತದೆ. ಬೆಕ್ಕು ಒಪ್ಪಿದಾಗ ಹಿಂಗಾಲನ್ನು ಮೆಲ್ಲಗೆ ಸವರುತ್ತಾ ಆ ಎರಡು ಕೀಲುಗಳನ್ನು ಬೆರಳಿನಲ್ಲೇ ಕಂಡುಕೊಳ್ಳಿ, ಮತ್ತೆ ಮರೆಯುವುದಿಲ್ಲ. ಕೂತಾಗ ಹಿಮ್ಮಡಿಯಿಂದ ಬೆರಳವರೆಗಿನ ಇಡೀ ಪಾದ ನೆಲಕ್ಕೆ ತಾಗುತ್ತದೆ. ಅದಕ್ಕೇ ಕೂತ ಬೆಕ್ಕಿನ ಹಿಂಪಾದ ಅಷ್ಟು ಉದ್ದ ಕಾಣುವುದು.

ಮುಂಗಾಲಿಗೆ ಐದು ಬೆರಳು, ನೆಲ ಮುಟ್ಟುವುದು ನಾಲ್ಕು. ಹಿಂಗಾಲಿಗೆ ನಾಲ್ಕೇ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಪಂಜ ಫೋರ್ಕಿನಂತಾಗುತ್ತದೆ. ನಡುವಿನ ಎರಡು ಮುಂದಿರುತ್ತವೆ, ಅಕ್ಕಪಕ್ಕದವು ಹಿಂದೆ. ನಿಂತ ಬೆಕ್ಕಿಗೆ ಉಗುರು ಬಿಡಿಸಬೇಡಿ, ಅವು ಒಳಗೆ ಎಳೆದುಕೊಂಡಿರುತ್ತವೆ.

ಬೆಕ್ಕಿನ ಕೊರಳೆಲುಬು ತೀರ ಸಣ್ಣದು, ಬೇರೆ ಮೂಳೆಗಳಿಗೆ ಗಟ್ಟಿಯಾಗಿ ಜೋಡಿಸಿಕೊಂಡಿಲ್ಲ. ಆದ್ದರಿಂದ ಹೆಗಲ ಮೂಳೆ ಧಾರಾಳವಾಗಿ ಮೇಲೆ ಕೆಳಗೆ ಜಾರುತ್ತದೆ. ಹೊಂಚುಹಾಕಿ ನಡೆಯುವಾಗ ಬೆನ್ನಿನ ಗೆರೆಗಿಂತ ಮೇಲೆ ಏಳುವ ಆ ಎರಡು ದಿಬ್ಬಗಳು ಅವೇ. ಒಂದು ದಿಬ್ಬ ಎತ್ತರ, ಇನ್ನೊಂದು ತಗ್ಗು ಬಿಡಿಸಿದರೆ ಸಾಕು, ಬೆಕ್ಕು ನಡೆಯತೊಡಗುತ್ತದೆ.

ಕಾಲೆತ್ತುವ ಕ್ರಮ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಹಿಂಗಾಲು ಮುಂಗಾಲಿನ ಹೆಜ್ಜೆಯ ಗುರುತಿನ ಮೇಲೋ ಪಕ್ಕದಲ್ಲೋ ಬೀಳುತ್ತದೆ. ಬರಿಗಣ್ಣಿಗೆ ಇದು ಹಿಡಿಯುವುದು ಕಷ್ಟ. ಫೋಟೊಗ್ರಾಫರ್ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ ಪ್ರಾಣಿ ಚಲನೆಯ ಫೋಟೊ ಸರಣಿಗಳಲ್ಲಿ ಬೆಕ್ಕೂ ಇದೆ. ಬೀಳುವ ಬೆಕ್ಕು ಗಾಳಿಯಲ್ಲೇ ಹೇಗೆ ಹೊರಳುತ್ತದೆ ಎಂದು ಫ್ರೆಂಚ್ ವಿಜ್ಞಾನಿ ಮಾರೆ 1894ರಲ್ಲಿ ಸರಣಿ ಫೋಟೊಗಳಲ್ಲಿ ಹಿಡಿದರು. ಮೊದಲು ಇಂಥದ್ದನ್ನು ನೋಡಿ, ಆಮೇಲೆ ನೆನಪಿನಿಂದ ಬಿಡಿಸುವ ಅಭ್ಯಾಸ ಮಾಡಿ: ಬೆಕ್ಕು ಕೋಣೆ ದಾಟುವಾಗ ಐದು ಸೆಕೆಂಡು ನೋಡಿ, ಕಣ್ಣು ಮುಚ್ಚಿ, ಉಳಿದದ್ದನ್ನು ಮೂವತ್ತು ಸೆಕೆಂಡಿನಲ್ಲಿ ಗೀಚಿ. ಓಡುವ ಬೆಕ್ಕನ್ನು ನೋಡುತ್ತಲೇ ಬಿಡಿಸಲು ಹೊರಟರೆ ನಾಲ್ಕು ಬೇರೆ ಬೇರೆ ಕ್ಷಣಗಳ ಕಾಲುಗಳು ಒಂದೇ ಮೈಗೆ ಅಂಟಿಕೊಳ್ಳುತ್ತವೆ.

ವಾರ 5 ಮತ್ತು 6: ಕೊನೆಗೂ ಮುಖ

ತಲೆಯನ್ನು ಚೆಂಡೆಂದು ತಿಳಿದು ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆಯಿರಿ. ಕಿವಿ ಬಿಟ್ಟು ನೋಡಿದರೆ ದೊಡ್ಡ ಬೆಕ್ಕಿನ ಕಣ್ಣುಗಳು ಸರಿಸುಮಾರು ಆ ಅಡ್ಡಗೆರೆಯ ಮೇಲೆ ಕೂರುತ್ತವೆ. ಎರಡರ ನಡುವೆ ಸುಮಾರು ಒಂದು ಕಣ್ಣಿನ ಅಗಲದ ಜಾಗ. ಮರಿಯಾದರೆ ಕಣ್ಣು ಇನ್ನೂ ಕೆಳಗೆ, ಕಿವಿ ಇನ್ನೂ ದೊಡ್ಡದು. ಮೂಗಿನ ಕಡೆಯ ಮೂಲೆ ಹೊರಮೂಲೆಗಿಂತ ತಗ್ಗಿನಲ್ಲಿರಬೇಕು. ಎರಡನ್ನೂ ಒಂದೇ ಮಟ್ಟಕ್ಕೆ ಇಟ್ಟ ಕ್ಷಣ ಬೆಕ್ಕಿನ ಮುಖದಲ್ಲಿ ಮನುಷ್ಯರ ಕಣ್ಣು ಬರುತ್ತದೆ.

ಕಣ್ಣಿಗೆ ಸಮಯ ಕೊಡಿ. ಬೆಳಕು ಹೆಚ್ಚಿದಾಗ ಪಾಪೆ ನೆಟ್ಟಗಿನ ಸೀಳು, ಮಬ್ಬಿನಲ್ಲಿ ದುಂಡು. ಚಿತ್ರದ ಬೆಳಕಿಗೂ ಪಾಪೆಗೂ ತಾಳೆಯಾಗಬೇಕು. ಬಿಸಿಲಿನಲ್ಲಿ ಕೂತ ಬೆಕ್ಕಿಗೆ ದುಂಡು ಪಾಪೆ ಇಟ್ಟರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ. ಮೇಲಿನ ರೆಪ್ಪೆ ಕಣ್ಣಗುಡ್ಡೆಯ ಮೇಲೆ ತೆಳು ನೆರಳು ಹಾಕುತ್ತದೆ, ಅದನ್ನು ಬಿಟ್ಟರೆ ಕಣ್ಣು ಗುಂಡಿಯಾಗುತ್ತದೆ. ಹೊಳಪಿನ ಚುಕ್ಕೆ ಎರಡೂ ಕಣ್ಣಲ್ಲಿ ಒಂದೇ ಬದಿಗೆ, ಬೆಳಕು ಬರುವ ಕಡೆಗೆ. ಪಕ್ಕದಿಂದ ನೋಡಿದರೆ ಕಣ್ಣಿನ ಮುಂಭಾಗ ಪಾರದರ್ಶಕ ಗುಮ್ಮಟ, ಬಣ್ಣದ ಭಾಗ ಅದರ ಹಿಂದೆ, ಒಳಗೆ. ಹೊಳಪು ಗುಮ್ಮಟದ ಮೇಲಿದೆ, ಬಣ್ಣದ ಮೇಲಲ್ಲ.

ಕಿವಿಯೆಂದರೆ ತಲೆಗೆ ಸಿಕ್ಕಿಸಿದ ಕಾಗದದ ತ್ರಿಕೋನವಲ್ಲ, ಸುತ್ತಿದ ಪೊಟ್ಟಣ. ಬುಡ ಅಗಲ, ಬಾಯಿ ಮುಂದಕ್ಕೂ ಹೊರಕ್ಕೂ ತೆರೆದಿರುತ್ತದೆ, ಹೊರ ಅಂಚಿನ ಕೆಳಗೆ ಪುಟ್ಟ ಜೇಬಿನಂಥ ಮಡಿಕೆ. ಮೀಸೆ ಎಲ್ಲಕ್ಕಿಂತ ಕೊನೆಗೆ. ಸಾಮಾನ್ಯವಾಗಿ ಬದಿಗೆ ಹನ್ನೆರಡರಂತೆ ನಾಲ್ಕು ಸಾಲುಗಳಲ್ಲಿ ಹುಟ್ಟುತ್ತವೆ. ಎಲ್ಲವನ್ನೂ ಒಂದೇ ಚುಕ್ಕೆಯಿಂದ ಹೊರಡಿಸಬೇಡಿ. ಬುಡದಿಂದ ಶುರುಮಾಡಿ ತುದಿಯತ್ತ ಒತ್ತಡ ಬಿಡುತ್ತಾ ಒಂದೇ ಬೀಸಿನಲ್ಲಿ ಎಳೆಯಿರಿ. ಏಳೆಂಟು ಸಾಕು.

ಮುಖಭಾವಕ್ಕೆ ಇಂಗ್ಲಿಷ್ ಚಿತ್ರಕಾರ ಹೋಗಾರ್ತ್ 1742ರಲ್ಲಿ ಬಿಡಿಸಿದ ಗ್ರಹಾಂ ಮಕ್ಕಳ ಚಿತ್ರ ನೋಡಿ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮಕ್ಕಳ ಹಿಂದೆ, ಕುರ್ಚಿಯ ಬೆನ್ನಿಗೆ ಪಂಜ ಊರಿ, ಪಂಜರದ ಹಕ್ಕಿಯನ್ನು ನೋಡುತ್ತಿರುವ ಬೆಕ್ಕು. ಕಣ್ಣು ಅರಳಿವೆ, ಮೈಯೆಲ್ಲ ಆ ಒಂದು ಗುರಿಯತ್ತ. ಚಿತ್ರದ ಇನ್ನೊಂದು ಬದಿಯ ಗಡಿಯಾರದ ಮೇಲೆ ಕುಡುಗೋಲು ಹಿಡಿದ ಪುಟ್ಟ ಆಕೃತಿಯಿದೆ, ಕುಡುಗೋಲು ಸಾವಿನ ಗುರುತು. ಚಿತ್ರದಲ್ಲಿರುವ ಎಳೆಯ ಮಗು ಅಷ್ಟರಲ್ಲಾಗಲೇ ತೀರಿಕೊಂಡಿತ್ತು. ಇದು ತಿಳಿದ ಮೇಲೆ ಆ ಬೆಕ್ಕನ್ನು ಬರೀ ತುಂಟ ಪ್ರಾಣಿಯಾಗಿ ನೋಡಲು ಆಗುವುದಿಲ್ಲ.

ವಾರ 7: ತುಪ್ಪಳ ಮತ್ತು ಬಣ್ಣ

ಕೂದಲನ್ನು ಒಂದೊಂದಾಗಿ ಬಿಡಿಸುವುದು ವ್ಯರ್ಥ. ಮೊದಲು ನೆರಳು ಬೆಳಕಿನಿಂದ ಮೈಯ ದುಂಡು ತೋರಿಸಿ, ಆಮೇಲೆ ಬೆಳಕು ನೆರಳಿಗೆ ತಿರುಗುವಲ್ಲಿ, ಹೊರಗೆರೆ ಮಡಚುವಲ್ಲಿ ಮಾತ್ರ ಕೂದಲಿನ ಗೀಟು. ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಕೂದಲು ಮೂಗಿನಿಂದ ಹಣೆಗೆ, ಹಣೆಯಿಂದ ಬೆನ್ನಿಗೆ ಹರಿಯುತ್ತದೆ. ಗೀಟು ಆ ದಿಕ್ಕಿನಲ್ಲೇ ಇರಲಿ.

ಕರಿ ಬೆಕ್ಕಿದ್ದವರಿಗೆ ಪ್ಯಾರಿಸ್ಸಿನ ಕಲಾವಿದ ಸ್ಟೈನ್ಲೆನ್ 1896ರಲ್ಲಿ ಮಾಡಿದ ಕಪ್ಪು ಬೆಕ್ಕಿನ ಭಿತ್ತಿಪತ್ರವೇ ಪಾಠ. ಮೈಯೆಲ್ಲ ಒಂದೇ ಕಪ್ಪು, ಒಳಗೆ ನೆರಳಿಲ್ಲ, ಕೂದಲಿಲ್ಲ, ಆದರೂ ಅದು ಬೆಕ್ಕೇ. ನಿಮ್ಮ ಚಿತ್ರವನ್ನೂ ಒಮ್ಮೆ ಶಾಯಿಯಿಂದ ಪೂರ್ತಿ ತುಂಬಿಬಿಡಿ. ಆಗಲೂ ಭಂಗಿ ಗುರುತು ಸಿಕ್ಕರೆ ಗೆರೆ ಗಟ್ಟಿಯಿದೆ. ಇದಕ್ಕೆ ವಿರುದ್ಧವಾಗಿ ಫ್ರೆಂಚ್ ಚಿತ್ರಕಾರ ಮಾನೆ 1863ರಲ್ಲಿ ಬಿಡಿಸಿದ ಒಲಿಂಪಿಯಾ ಚಿತ್ರದ ತುದಿಯಲ್ಲಿ ಬಾಲವೆತ್ತಿ ನಿಂತ ಕರಿ ಬೆಕ್ಕು ಕಪ್ಪು ಹಿನ್ನೆಲೆಯಲ್ಲಿ ಮುಳುಗಿದೆ, ಮೊದಲು ಸಿಗುವುದು ಕಣ್ಣೇ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ ಹಿನ್ನೆಲೆಯ ಬಣ್ಣ ಆರಿಸಿ.

ಪಟ್ಟೆ ಬೆಕ್ಕಾದರೆ ಪಟ್ಟೆಗಳು ಪೀಪಾಯಿಯ ಸುತ್ತಿನ ಪಟ್ಟಿಗಳಂತೆ ಮೈಯನ್ನು ಬಳಸಿ ಬಾಗಬೇಕು. ನೇರ ಎಳೆದರೆ ಬೆಕ್ಕು ಚಪ್ಪಟೆ. ಇಲ್ಲೊಂದು ಪತ್ತೇದಾರಿಕೆಯೂ ಉಂಟು. ಈಜಿಪ್ಟಿನ ಗೋಡೆಚಿತ್ರಗಳಲ್ಲಿ ಇರುವುದು ತೆಳು ಪಟ್ಟೆಯ ಬೆಕ್ಕು. ಪಕ್ಕೆಯಲ್ಲಿ ದೊಡ್ಡ ಸುಳಿಯಂಥ ಮಚ್ಚೆಯಿರುವ ಬೆಕ್ಕಿನ ವಂಶವಾಹಿ ಮಧ್ಯಯುಗದಲ್ಲಷ್ಟೇ ಕಾಣಿಸಿಕೊಂಡಿತು ಎಂದು ಪುರಾತನ ಬೆಕ್ಕುಗಳ ಡಿಎನ್‌ಎ ಪರೀಕ್ಷಿಸಿದ 2017ರ ಅಧ್ಯಯನ ತಿಳಿಸಿತು. 18ನೇ ಶತಮಾನದ ಹೊತ್ತಿಗೆ ಅದು ಸಾಮಾನ್ಯವಾಯಿತು. ಅಂಥ ಸುಳಿ ಮಚ್ಚೆಯ ಬೆಕ್ಕು ಫೆರೋನ ಪಕ್ಕ ಕೂತ ಚಿತ್ರ ಕಂಡರೆ ಅದು ಇತ್ತೀಚಿನ ಕಲ್ಪನೆ.

ವಾರ 8: ಹಳೆಯ ಬೆಕ್ಕನ್ನು ಓದುವುದು

ವಾರಕ್ಕೆ ಒಂದೇ ಚಿತ್ರ ತೆಗೆದುಕೊಳ್ಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮತ್ತು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತಮ್ಮ ಜಾಲತಾಣಗಳಲ್ಲಿ ಹಕ್ಕುಮುಕ್ತ ಕೃತಿಗಳ ದೊಡ್ಡ ಚಿತ್ರಗಳನ್ನು ಉಚಿತವಾಗಿ ಕೊಡುತ್ತವೆ. ಮೊದಲ ದಿನ ಹತ್ತು ನಿಮಿಷ ನೋಡಿ. ಎರಡನೇ ದಿನ ಬೆಕ್ಕನ್ನಷ್ಟೇ ನಕಲು ಮಾಡಿ. ಮೂರನೇ ದಿನ ನಿಮ್ಮ ಬೆಕ್ಕು ಅದಕ್ಕೆ ಹತ್ತಿರದ ಭಂಗಿಯಲ್ಲಿದ್ದಾಗ ಪಕ್ಕದಲ್ಲೇ ಬಿಡಿಸಿ. ಕಲಾವಿದ ಎಲ್ಲಿ ಕಂಡದ್ದನ್ನು ಬಿಡಿಸಿದ, ಎಲ್ಲಿ ಊಹಿಸಿದ ಎಂದು ಆಗ ತಿಳಿಯುತ್ತದೆ. ಉಳಿದ ದಿನಗಳಲ್ಲಿ ಚಿತ್ರದ ಕತೆ ಓದಿ: ಬೆಕ್ಕು ಎಲ್ಲಿದೆ, ಏನನ್ನು ನೋಡುತ್ತಿದೆ, ಅಲ್ಲಿ ಅದು ಯಾಕೆ ಬೇಕಿತ್ತು?

ಕ್ರಿ.ಪೂ. 1350ರ ಸುಮಾರಿನ, ಈಜಿಪ್ಟಿನ ಅಧಿಕಾರಿ ನೆಬಾಮುನ್‌ನ ಸಮಾಧಿಯ ಗೋಡೆಚಿತ್ರದಿಂದ ಶುರುಮಾಡಬಹುದು. ಜೊಂಡಿನ ನಡುವೆ ಒಂದೇ ಬೆಕ್ಕು ಬಾಯಲ್ಲೂ ಪಂಜಗಳಲ್ಲೂ ಹಕ್ಕಿಗಳನ್ನು ಹಿಡಿದಿದೆ, ಅದರ ಕಣ್ಣಿಗೆ ಚಿನ್ನದ ಲೇಪ. ಮನೆಯ ಬೆಕ್ಕೂ ಹೌದು, ಕತ್ತಲೆಯ ಶತ್ರುಗಳನ್ನು ಬೇಟೆಯಾಡುವ ಸೂರ್ಯದೇವನ ರೂಪವೂ ಇರಬಹುದು. ಆಮೇಲೆ ಮಾಮಲ್ಲಪುರದ 7ನೇ ಶತಮಾನದ ಬೃಹತ್ ಬಂಡೆಶಿಲ್ಪ. ಮುಂಗಾಲೆರಡನ್ನೂ ತಲೆಯ ಮೇಲೆತ್ತಿ ತಪಸ್ಸಿಗೆ ನಿಂತ ಬೆಕ್ಕು, ಸುತ್ತ ನಂಬಿ ಬಂದ ಇಲಿಗಳು. ಮೇಲೆ ನಿಜವಾದ ತಪಸ್ವಿ ನಿಂತಿರುವ ಭಂಗಿಯೂ ಅದೇ.

ಹಾಳೆಗಳನ್ನು ಉಳಿಸಿಕೊಳ್ಳುವುದು

ಪ್ರತಿ ಚಿತ್ರದ ಮೂಲೆಯಲ್ಲಿ ತಾರೀಖು, ಹೊತ್ತು, ಜಾಗ ಬರೆಯಿರಿ. ಪೆನ್ಸಿಲ್ ಪುಟಗಳ ನಡುವೆ ಆಮ್ಲರಹಿತ ತೆಳು ಹಾಳೆ ಇಟ್ಟರೆ ಉಜ್ಜಿ ಮಸಿಯಾಗುವುದಿಲ್ಲ. ನುಣ್ಣನೆಯ ಬಣ್ಣದ ಪುಡಿ ಬೆರೆಸಿದ ಪಿಗ್ಮೆಂಟ್ ಶಾಯಿ ಬೆಳಕಿಗೆ ಬಾಳುತ್ತದೆ, ಕರಗಿದ ಬಣ್ಣದ ಡೈ ಶಾಯಿ ಮಾಸುತ್ತದೆ. ಫ್ರೇಮ್ ಹಾಕಿಸಿದರೆ ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಇರಲಿ, ನೇರ ಬಿಸಿಲು ಬೀಳುವ ಗೋಡೆ ಬೇಡ.

ಬೆಕ್ಕಿಗೆ ಹತ್ತು ವರ್ಷ ದಾಟಿದ್ದರೆ ಎರಡು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಒಂದು ಚಿತ್ರ ಬಿಡಿಸಿ ಹಳೆಯದರ ಪಕ್ಕ ಇಡಿ. ದಿನವೂ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ, ಹಾಳೆಗೆ ಕಾಣುತ್ತದೆ. ಬೆನ್ನೆಲುಬಿನ ಗಂಟುಗಳು ಎದ್ದಿದ್ದರೆ, ತೊಡೆ ಬಡವಾಗಿದ್ದರೆ ಬೆಕ್ಕನ್ನು ತೂಗಿ, ಪಶುವೈದ್ಯರ ಬಳಿ ಹೋಗುವಾಗ ಆ ಎರಡು ಹಾಳೆಗಳನ್ನೂ ಜೊತೆಗೆ ಒಯ್ಯಿರಿ.